ಕೊಳೆತಿದ್ದೇ ನಮ್ಮ ಡೆಕ್

ಕ್ಲೇಟನ್ನಿನ ನಮ್ಮ ಅಂಗಳದಲ್ಲಿ ಒಂದೇ ಡ್ರೈವ್‌ವೇಗೆ ಎರಡು ಮನೆ. ಮುಂದಿನದು ಸಿರಿಲ್ ಅಂಕಲ್ ಅವರದು, ಹಿಂದಿನದು ನಮ್ಮದು. ಜಗಲಿಯಂತಿದ್ದ ನಮ್ಮ ಮರದ ಡೆಕ್ಕನ್ನೂ ಅದರ ಪಕ್ಕದ ಬೇಲಿಯನ್ನೂ ಗೆದ್ದಲು ತಿಂದಿತ್ತು. ಕಿತ್ತು ಸಾಗಿಸಲು ಅಪ್ಪ ಮೂವರಿಗೆ ಫೋನ್ ಮಾಡಿದರು. ಮೊದಲನೆಯವನು ಬರುತ್ತೇನೆಂದು ಬರಲಿಲ್ಲ. ಎರಡನೆಯವನು ಬಂದು ಆಗಲ್ಲವೆಂದು ತಲೆಯಾಡಿಸಿ ಹೋದ. ಮೂರನೆಯವನಾದ ಗ್ರೆಗ್ ಮಾತ್ರ ನೋಡದೆಯೇ ಒಪ್ಪಿಕೊಂಡ. ಎಲ್ಲಿದೆ ಎಂದು ಅವನು ಕೇಳಿದಾಗ, ಕೊಳೆತಂತೆ ಕಾಣುವುದೇ ನಮ್ಮದು, ನೋಡಿದ ಕೂಡಲೇ ಗೊತ್ತಾಗುತ್ತದೆ ಎಂದು ಅಪ್ಪ ಹೇಳಿದರು.

ಗ್ರೆಗ್ ಬರುವ ಹಿಂದಿನ ಸಂಜೆ ಅಮ್ಮ ಪೊರಕೆ, ಬಕೆಟ್ಟು ಹಿಡಿದು ಡೆಕ್ ತೊಳೆಯಲು ನಿಂತಳು.

"ಕೀಳೋಕೆ ಬರ್ತಿದ್ದಾರೆ ಕಣೇ!" ಎಂದರು ಅಪ್ಪ.

"ಕೀಳೋಕೆ ಬಂದ್ರೂ ಹೊರಗಿನವರು ತಾನೆ? ಇವರ ಮನೆ ಹೆಂಗಿದೆ ನೋಡು ಅಂದ್ಕೊಳಲ್ವಾ?"

ತೊಳೆದು, ಉಳಿದಿದ್ದ ಮರದ ಎಣ್ಣೆ ಸವರಿ, ಮೂಲೆಗೆ ತುಳಸಿ ಕುಂಡ ಇಟ್ಟಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಡೆಕ್ಕಿನ ಅಂಚಿಗೆ ರಂಗೋಲಿಯನ್ನೂ ಹಾಕಿದಳು. "ರುದ್ರಾಣಿ, ಅವರಿಗೆ ಕಾಫಿ ಕೊಡು" ಎಂದು ನನಗೆ ಹೇಳಿ ಅಪ್ಪನ ಜೊತೆ ಕಾರು ಹತ್ತಿದಳು. ನನಗೆ ಡ್ಯಾಂಡಿನಾಂಗಿನ ಗೋದಾಮಿನಲ್ಲಿ ಮಧ್ಯಾಹ್ನದ ಶಿಫ್ಟ್. ಹಾಗಾಗಿ ಮನೆಯಲ್ಲಿ ನಾನೊಬ್ಬಳೇ.

ಗ್ರೆಗ್ ಬಂದ. ನಮ್ಮ ಡೆಕ್ ನೋಡಿದ, ರಂಗೋಲಿ ತುಳಿಯದಂತೆ ಹಿಂದೆ ಸರಿದ. ಆಮೇಲೆ ಸಿರಿಲ್ ಅಂಕಲ್ ಅವರ ಡೆಕ್ ನೋಡಿದ. ಅದು ಗಟ್ಟಿ ಮರದ್ದು, ಆದರೆ ಬಣ್ಣ ಕಂಡು ಎಷ್ಟು ವರ್ಷವಾಯಿತೋ. ಮೇಲೆ ತರಗೆಲೆ, ಸ್ಪ್ರಿಂಗ್ ಹೊರಬಂದ ಸೋಫಾ. ಅವನು ಸಮಾಧಾನದಿಂದ ತಲೆಯಾಡಿಸಿ ಸದ್ದು ಕೇಳದಂತೆ ಕಿವಿಗೆ ಮುಚ್ಚಳ ಹಾಕಿಕೊಂಡು, ಸೋಫಾ ಇಳಿಸಿ, ಅಲ್ಲೇ ಹಾರೆ ಊರಿದ.

ನಾನು ಕಿಟಕಿಯ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದೆ. ಶನಿವಾರ ಆ ಡೆಕ್ಕಿನ ಮೇಲೆಯೇ ಸಿರಿಲ್ ಅಂಕಲ್ ಮಗಳು ಆಶ್ಲಿನ್‌ಗೆ ರೋಸ್. ಮದುವೆಗೆ ಮುಂಚೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅರವತ್ತು ಜನ ಬರುವವರಿದ್ದರು. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಅಂಕಲ್ ಒಳಗೆ ಮಲಗಿದ್ದರು. ಒಂದು ಹಲಗೆ ಎದ್ದಿತು. ಇನ್ನೊಂದು. ಅಪ್ಪನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗೊತ್ತಿಲ್ಲದವರೊಡನೆ ಇಂಗ್ಲಿಷ್ ಮಾತಾಡಬೇಕೆಂದರೆ ನನ್ನ ನಾಲಿಗೆ ಒಣಗುತ್ತದೆ. ಏನು ಹೇಳಲಿ, ಹೇಗೆ ಶುರು ಮಾಡಲಿ ಎಂದು ವಾಕ್ಯ ಜೋಡಿಸುವಷ್ಟರಲ್ಲಿ ನಾಲ್ಕು ಹಲಗೆ ಹೋಗಿದ್ದವು.

ಓಡಿದೆ. ನಮ್ಮ ಬಾಗಿಲಲ್ಲಿ ನಿಂತು "ಎಕ್ಸ್‌ಕ್ಯೂಸ್ ಮಿ" ಎಂದೆ. ನನಗೇ ಕೇಳಿಸಲಿಲ್ಲ. ಹೋಗಿ ಐದನೆಯ ಹಲಗೆಯ ಮೇಲೆ ಕೂತುಬಿಟ್ಟೆ.

ಗ್ರೆಗ್ ಹಾರೆ ಇಳಿಸಿ, ಕಿವಿಯ ಮುಚ್ಚಳ ತೆಗೆದ. ನಾನು ಕಾಫಿ ಚಾಚಿ, "ನಾಟ್ ದಿಸ್" ಎಂದೆ. ನಮ್ಮ ಡೆಕ್ ಕಡೆ ಬೆರಳು ತೋರಿಸಿದೆ.

ಅವನು ನಂಬಲಿಲ್ಲ. ಅಷ್ಟು ಚೆಂದದ್ದನ್ನು ಯಾರಾದರೂ ಕೀಳಿಸುತ್ತಾರೆಯೇ ಎಂದ. ನಾನು ಕೂತೇ ಇದ್ದೆ. ಕೊನೆಗೆ ತಾನೇ ಹೋಗಿ ರಂಗೋಲಿಯ ಪಕ್ಕ ಮೆಲ್ಲಗೆ ಕಾಲಿಟ್ಟ. ಮೊಣಕಾಲಿನವರೆಗೂ ಒಳಗೆ ಹೋದ.

ಅವನ ಕೂಗಿಗೆ ಸಿರಿಲ್ ಅಂಕಲ್ ಲುಂಗಿಯಲ್ಲೇ ಹೊರಗೆ ಬಂದರು. ಒಮ್ಮೆ ಹಲಗೆಗಳನ್ನು ನೋಡಿದರು, ಒಮ್ಮೆ ನನ್ನನ್ನು.

"ಎಂತ ಮಾರಾಯ್ತಿ ಇದು? ಶನಿವಾರ ರೋಸ್ ಎಲ್ಲಿ ಮಾಡುವುದು, ರೋಡಲ್ಲಾ?"

"ಇಲ್ಲೇ ಅಂಕಲ್," ಎಂದೆ. "ಅವ್ರು ಹಲಗೆ ವಾಪಸ್ ಹೊಡೀತಾರೆ."

ಗ್ರೆಗ್ ಕುಂಟುತ್ತ ಬಂದು, ಮೊಳೆ ಹೊಡೆಯುವ ನನ್ನ ಸನ್ನೆ ನೋಡಿ ಹೂಂ ಎಂದ. ಅಂಕಲ್ ಅವನ ಕೈಗೆ ಒಂದೊಂದೇ ಮೊಳೆ ಕೊಟ್ಟರು. ಒಂದೊಂದು ಹಲಗೆ ಕೂತ ಕೂಡಲೇ ಅದರ ಮೇಲೆ ಎರಡು ಸಲ ಕುಣಿದು ನೋಡಿದರು. ನಾನು ಏಳಬಹುದು ಎಂದು ಗ್ರೆಗ್ ಎರಡು ಸಲ ಹೇಳಿದ. ನಾಲ್ಕನೆಯ ಹಲಗೆಯ ಕೊನೆಯ ಮೊಳೆ ಇಳಿಯುವವರೆಗೂ ನಾನು ಏಳಲಿಲ್ಲ.