ಕಲ್ಲಜ್ಜನ ಸೊಂಟಪಟ್ಟಿ

ಊರಿನವರ ಬಾಯಲ್ಲಿ ಅವನು ಕಲ್ಲಜ್ಜ. ಟಿಟಿಕಾಕಾ ಸರೋವರದಿಂದ ಬೀಸುವ ಗಾಳಿಗೆ ಎದೆಯೊಡ್ಡಿ, ಮೊಣಕಾಲವರೆಗೆ ಮಣ್ಣಲ್ಲಿ ಹೂತು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಯಾವ ಕಾಲದಿಂದ ನಿಂತಿದ್ದಾನೋ ಈ ಕಲ್ಲಿನ ಮೂರ್ತಿ! ಅವನ ಬುಡಕ್ಕೆ ಕೋಕಾ ಎಲೆ ಇಟ್ಟು, ಒಂದು ಗುಟುಕು ಮದ್ಯ ಸುರಿಯದೆ ಇಲ್ಲಿ ಯಾರೂ ಆಲೂಗಡ್ಡೆ ಬಿತ್ತುವುದಿಲ್ಲ.

ಈ ಸಲ ಬಿತ್ತನೆಗೆ ಮುಂಚೆ ಲಾ ಪಾಸ್ ನಗರದಿಂದ ಹಳೆಯ ಶಾಸನ ಓದುವ ಡಾಕ್ಟರ್ ಅರಾಮಾಯೋ ಬಂದರು. ಅಜ್ಜನ ಸೊಂಟದ ಸುತ್ತಲಿನ ಗೀರುಗಳೂ ಬೆನ್ನ ಮೇಲಿನ ಸಾಲುಗಳೂ ಅಕ್ಷರಗಳೆಂದು ಅವರ ವಾದ. ಸೊಂಟದ ಅಂಚಿನ ಗೀರುಗಳು ಮಾತ್ರ ಎಡಕ್ಕೆ ವಾಲಿರುವುದರಿಂದ ಅವನ್ನು ಯಾರೋ ಆಮೇಲೆ ಕೆತ್ತಿರಬೇಕು. ಅಜ್ಜನನ್ನೇ ನಗರಕ್ಕೆ ಒಯ್ದು ನೋಡದೆ ತೀರ್ಮಾನವಾಗದು.

"ಸೊಂಟದ್ದು ಅಕ್ಷರ ಅಲ್ಲ, ನೇಯ್ಗೆ," ಎಂದಳು ಊರ ಸಭೆಯ ಹಿಂದಿನ ಸಾಲಿನಿಂದ ತಿಬುರ್ಸಿಯಾ. ಐವತ್ತು ವರ್ಷ ಮಗ್ಗದ ಮುಂದೆ ಕೂತವಳು.

ಪಕ್ಕದ ಮನೆಯ ಬಸಿಲಿಯಾ ಕಿಸಕ್ಕನೆ ನಕ್ಕಳು. "ಯಾಕಕ್ಕಾ, ಅಜ್ಜ ಬಂದು ಅಳತೆ ಕೊಟ್ಟು ಹೋದ್ನಾ?"

"ನಿನ್ನ ಗಂಡನ ಹಾಗೆ ಹೇಳದೆ ಕೇಳದೆ ಓಡಾಡೋನಲ್ಲ ಅವನು, ಸುಮ್ನಿರೇ!"

ಊರ ಮುಖಂಡ ಡಾನ್ ಹಿಲಾರಿಯೋನ್ ಕೈಯೆತ್ತಿದ. "ನೇಯ್ದು ತೋರ್ಸು, ಡೋನ್ಯಾ ತಿಬುರ್ಸಿಯಾ. ಗೀರಿಗೆ ಗೀರು ಕೂಡಿದ್ರೆ ಅಜ್ಜ ಇಲ್ಲೇ ಇರ್ಲಿ. ಇಲ್ದಿದ್ರೆ ಶನಿವಾರ ಲಾರಿ ಬರತ್ತೆ. ಏನಂತೀರಿ ಡಾಕ್ಟ್ರೇ?"

"ಅವರೇ ಓದಿದ್ರೆ ನಾನ್ಯಾಕೆ ಹೊತ್ಕೊಂಡು ಹೋಗ್ಲಿ?" ಎಂದರು ಡಾಕ್ಟರು.

ಎರಡು ದಿನ ಕೆಲಸ ನೀರಿನಂತೆ ಹರಿಯಿತು. ಒಂದು ಗೀರಿಗೆ ಒಂದು ಎಳೆ ಎತ್ತಿದರೆ ಹಕ್ಕಿಯ ಕಣ್ಣು ಮೂಡಿತು, ಮತ್ತೊಂದು ಎತ್ತಿದರೆ ಕೊಕ್ಕು. ತಿಬುರ್ಸಿಯಾ ಬೆರಗಾಗಿ, ಗೀರು ಕೆತ್ತಿದವನು ಎದುರಿಗೇ ಇದ್ದಂತೆ ಮಾತಾಡಿದಳು: "ಅಬ್ಬಾ, ಎಂಥಾ ಕೈ ಮಾರಾಯ ನಿಂದು!" ಆದರೆ ಅಂಚಿಗೆ ಬಂದಾಗ ಎಲ್ಲವೂ ಕೆಟ್ಟಿತು. ಎಡಕ್ಕೆ ವಾಲಿದ ಗೀರಿಗೆ ಯಾವ ಎಳೆ ಎತ್ತಿದರೂ ಹಕ್ಕಿಯ ಬಾಲ ಹರಿದುಹೋಗುತ್ತಿತ್ತು. ಡಾಕ್ಟರ ಮಾತೇ ನಿಜವೇ?

ಶನಿವಾರ ಬೆಳಗಾಗುತ್ತಲೇ ಅಜ್ಜನ ಬಳಿಗೆ ಹೋಗಿ ಸೊಂಟದ ಮೇಲೆ ಅಂಗೈ ಇಟ್ಟಳು. ಬೆರಳು ಅಂಚಿನ ಗೀರುಗಳ ಮೇಲೆ ಜಾರಿತು. ಜಾರುತ್ತಿದ್ದಂತೆ ಹೆಬ್ಬೆರಳು ತಾನಾಗಿಯೇ ತಿರುಗಿತು, ನೂಲುವ ಕದಿರು ತಿರುಗಿಸುವಂತೆ, ಆದರೆ ಎಡಕ್ಕೆ.

ಅಮ್ಮನ ದನಿ ಕೇಳಿದಂತಾಯಿತು: ಅಂಚಿನ ನೂಲು ಎಡಕ್ಕೆ ಹೊಸೀಬೇಕು ಮಗಳೇ, ಕೆಟ್ಟದ್ದು ಒಳಗೆ ಬರಲ್ಲ.

"ಥೂ ನನ್ನ!" ಎಂದು ಹಣೆ ಚಚ್ಚಿಕೊಂಡಳು. ಸಂತೆಯ ಬಣ್ಣದ ನೂಲು ಬಂದಮೇಲೆ ಊರಲ್ಲಿ ಯಾರು ಎಡಕ್ಕೆ ಹೊಸೆದಿದ್ದಾರೆ? ಅವಳೂ ಬಿಟ್ಟಿದ್ದಳು. ಆ ಗೀರುಗಳು ಎಳೆ ಎತ್ತುವ ಲೆಕ್ಕವಲ್ಲ. ನೂಲಿನ ಹುರಿಯನ್ನೇ, ಅದನ್ನು ಹೊಸೆದ ದಿಕ್ಕನ್ನೇ ಆ ಶಿಲ್ಪಿ ಕಲ್ಲಿನಲ್ಲಿ ಕೆತ್ತಿದ್ದ.

ಮನೆಗೆ ಓಡಿ ಲಾಮಾ ಉಣ್ಣೆ ತೆಗೆದು ಎಡಕ್ಕೆ ಹೊಸೆದು, ಆ ನೂಲಿನಲ್ಲೇ ಅಂಚು ನೇಯ್ದಳು; ಈ ಸಲ ಬಾಲ ಹರಿಯಲಿಲ್ಲ.

ಲಾರಿ ಬಂದು ನಿಂತಾಗ ಅವಳು ಅಜ್ಜನ ಸೊಂಟಕ್ಕೆ ಪಟ್ಟಿ ಸುತ್ತುತ್ತಿದ್ದಳು. ಉಣ್ಣೆಯ ಹಕ್ಕಿಯ ಪಕ್ಕದಲ್ಲಿ ಈಗ ಕಲ್ಲಿನ ಗೀರುಗಳಲ್ಲೂ ಹಕ್ಕಿ ಎದ್ದು ಕಾಣುತ್ತಿತ್ತು, ಅದೇ ಕಣ್ಣು, ಅದೇ ಬಾಲ. ಡಾಕ್ಟರು ಬಗ್ಗಿ, ಕನ್ನಡಕ ಹಣೆಗೇರಿಸಿ, ಅಂಚಿನ ನೂಲನ್ನೂ ಅಂಚಿನ ಗೀರನ್ನೂ ಒಂದೊಂದು ಬೆರಳಲ್ಲಿ ಮುಟ್ಟಿದರು.

"ಹುರಿಯನ್ನೂ ಬಿಟ್ಟಿಲ್ಲವಲ್ಲ ಕೆತ್ತಿದ ಪುಣ್ಯಾತ್ಮ!" ಎಂದರು. "ಹಾಗಾದ್ರೆ ಬೆನ್ನ ಮೇಲಿರೋ ಸಾಲುಗಳು?"

ಊರಿಗೆ ಊರೇ ತಿಬುರ್ಸಿಯಾಳತ್ತ ತಿರುಗಿತು. ಅದೂ ನೇಯ್ಗೆಯೇ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ಅಜ್ಜ ಊರಲ್ಲೇ ಉಳಿಯುತ್ತಿದ್ದ.

"ಅದು ನಂಗೊತ್ತಿಲ್ಲ ಡಾಕ್ಟ್ರೇ," ಎಂದಳು ತಿಬುರ್ಸಿಯಾ. "ಅದು ಬಟ್ಟೆ ಅಲ್ಲ. ಅಕ್ಷರಾನೇ ಇದ್ರೂ ಇರಬಹುದು."

ಡಾಕ್ಟರು ನಕ್ಕರು. "ಮಾತು ಮಾತೇ. ಸೊಂಟ ನೀವು ಓದಿದ್ರಿ. ಬೆನ್ನನ್ನ ನಾನು ಇಲ್ಲೇ ಕೂತು ಓದ್ತೀನಿ."

"ಕೂರಿ, ಆದ್ರೆ ನಮ್ಮಲ್ಲಿ ಬರಿಗೈಲಿ ಕೂರೋ ಪದ್ಧತಿ ಇಲ್ಲ," ಎಂದು ಬಸಿಲಿಯಾ ಅವರ ಕೈಗೆ ಒಂದು ಕದಿರು ತುರುಕಿದಳು. ಆಮೇಲೆ ತನ್ನ ಮೂರು ಕುರಿಗಳನ್ನು ಲಾರಿಗೆ ಹತ್ತಿಸಿದಳು. ಸಂತೆಯವರೆಗೆ ಅದು ಖಾಲಿ ಯಾಕೆ ಹೋಗಬೇಕು?