ಚಾಪೆಯ ಕೆಳಗಿನ ಬೆಳಗು

ಕಡಲಿಗೆ ದಡವನ್ನೂ ಕ್ರೋಧಕ್ಕೆ ಕೊನೆಯನ್ನೂ ವಿಧಿಸಿದ, ಭಯಗೊಂಡವನ ಗಂಟಲಲ್ಲೇ ಉಳಿದ ಪ್ರಾರ್ಥನೆಯನ್ನೂ ಆಲಿಸುವ ಕರುಣಾನಿಧಿಗೆ ಮೊದಲು ತಲೆಬಾಗುತ್ತೇನೆ. ಅವನ ಅನುಗ್ರಹದಿಂದ ಈ ಕಥೆ ನಡೆಯಲಿ.

ಚಂಡಮಾರುತದ ತಿಂಗಳುಗಳಲ್ಲಿ ದ್ವೀಪನಾಡಿನ ಅಪಿಯಾ ಪಟ್ಟಣಕ್ಕೆ ಪ್ರವಾಸಿಗಳು ಬರುವುದಿಲ್ಲ. ಕಡಲದಂಡೆಯ ವಸತಿಗೃಹಗಳು ಕಿಟಕಿಗಳಿಗೆ ಹಲಗೆ ಬಡಿದುಕೊಂಡು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕಣ್ಣುಮುಚ್ಚಿರುತ್ತವೆ. ಅಂಥ ಒಂದು ಮುಸ್ಸಂಜೆ, ಸವಾಯಿ ದ್ವೀಪದ ಮನೆತನವೊಂದರ ಯಜಮಾನ ವೈಫಾಲೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ನುಣುಪು ಚಾಪೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಟ್ಯಾಕ್ಸಿಯಿಂದ ಇಳಿದನು.

ಅವನ ತಂಗಿಯ ಮಗ ಪೇನಿ ಕುಡಿದು ಲಾರಿ ಓಡಿಸಿ, ಈ ಪಟ್ಟಣದಂಚಿನ ಕೇರಿಯ ಸೆಫೊ ಎಂಬ ತರುಣನನ್ನು ಕೊಂದಿದ್ದನು. ಪೇನಿ ಸೆರೆಮನೆ ಸೇರಿದ್ದನು ನಿಜ. ಆದರೆ ನ್ಯಾಯಾಲಯದ ಶಿಕ್ಷೆಯಿಂದ ಸತ್ತವನ ಮನೆಯ ಉರಿ ಆರಿರಲಿಲ್ಲ. ಅದನ್ನು ಆರಿಸುವ ಬಗೆ ಒಂದೇ, ಇಫೊಂಗ. ಸೂರ್ಯೋದಯಕ್ಕೆ ಮುನ್ನ ತಪ್ಪಿತಸ್ಥನ ಕುಲದ ಯಜಮಾನನು ಆ ಮನೆಯ ಅಂಗಳದಲ್ಲಿ ಕುಳಿತು, ತಲೆಯ ಮೇಲೆ ಚಾಪೆ ಹೊದ್ದು, ಮೌನವಾಗಿ ಕಾಯಬೇಕು. ಮನೆಯವರು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಕಲ್ಲು ಬೀಳಲಿ, ಮಚ್ಚು ಬೀಳಲಿ, ಅಲುಗುವಂತಿಲ್ಲ. ಪೇನಿಯನ್ನಂತೂ ಬಿಡುಗಡೆಯಾದ ಮೇಲೆ ಅವರು ಬದುಕಗೊಡುವುದಿಲ್ಲ. ವೈಫಾಲೆಯ ಜೊತೆಗೆ ಬರಬೇಕಿದ್ದ ಅವನ ತಮ್ಮಂದಿರು ಹಡಗುಕಟ್ಟೆಯಲ್ಲೇ ಹಿಂದೆ ಸರಿದಿದ್ದರು.

ಆ ಕೇರಿಯ ಬಳಿ ಬಾಗಿಲು ತೆರೆದಿದ್ದ ವಸತಿಗೃಹ ಒಂದೇ. ವಿದ್ಯುತ್ತು ಹೋಗಿತ್ತು. ಲಾಟೀನು ಹಿಡಿದು ಬಂದ ದಪ್ಪ ಹೆಂಗಸು ಅದರ ಒಡತಿ ಲೂಪೆ.

"ಬಾರಜ್ಜಾ, ಬಾ! ಈ ಮಳೇಲಿ ಕಪ್ಪೆ ಬಿಟ್ರೆ ನಂಗೆ ನೀನೇ ಗಿರಾಕಿ. ಅದೇನು ಅಷ್ಟು ಬಿಗಿಯಾಗಿ ಅಪ್ಕೊಂಡಿದೀಯ, ಹೊಸ ಹೆಂಡ್ತಿನಾ?"

"ಚಾಪೆ ಕಣಮ್ಮಾ. ಮದುವೆಗೆ."

"ಯಾರ ಮದುವೆ?"

"ನಮ್ಮ ಕಡೆಯವರದ್ದು."

ಲೂಪೆಯ ನಗು ತಟ್ಟನೆ ನಿಂತಿತು. ಮದುವೆಯ ಚಾಪೆಯನ್ನು ಹೆಂಗಸರು ಬಿಚ್ಚಿ ಹಿಡಿದು, ಕೇಕೆ ಹಾಕುತ್ತ ಬೀದಿಯುದ್ದಕ್ಕೂ ಮೆರೆಸುತ್ತಾರೆ. ಒಂಟಿ ಗಂಡಸು ಅದನ್ನು ಬಚ್ಚಿಟ್ಟುಕೊಂಡು ತರುವುದಿಲ್ಲ. ಇಷ್ಟು ತಿಳಿಯದವರು ಆ ದ್ವೀಪಗಳಲ್ಲಿಲ್ಲ. ಹೆದರಿಕೆಯಲ್ಲಿ ವೈಫಾಲೆಗೆ ಅದು ಹೊಳೆದದ್ದು ಸುಳ್ಳು ನಾಲಿಗೆಯಿಂದ ಜಾರಿದ ಮೇಲೆ.

ಅವಳು ಅವನನ್ನು ಒಳಗೆ ಕರೆದೊಯ್ದಳು. ಬೇಯಿಸಿದ ಕೆಸುವಿನ ಗೆಡ್ಡೆಯನ್ನೂ ಮೀನನ್ನೂ ಬಡಿಸಿ ಎದುರಿಗೆ ಕುಳಿತಳು. ಅವಳ ಮಾತು ಈಗ ಬಹುವಚನಕ್ಕೆ ತಿರುಗಿತ್ತು.

"ಹಿರಿಯರು ನೀವು, ಪ್ರಾರ್ಥನೆ ನೀವೇ ಹೇಳ್ಬೇಕು. ಹಾಗೇ ನಮ್ಮಕ್ಕನ ಮಗನ ಹೆಸರೂ ಸೇರ್ಸಿ. ಕೆಲವು ತಿಂಗಳ ಹಿಂದೆ ತೀರ್ಕೊಂಡ. ಸೆಫೊ ಅಂತ."

ಲಾಟೀನಿನ ಬೆಳಕು ಒಮ್ಮೆ ಬಳುಕಿದಂತಾಯಿತು. ಯಾರ ಅಂಗಳದಲ್ಲಿ ನಾಳೆ ತಲೆಯೊಡ್ಡಬೇಕೋ ಅವರ ಅನ್ನದ ಮುಂದೆ ಅವನು ಸುಳ್ಳು ಹೇಳಿ ಕುಳಿತಿದ್ದನು. ಎದ್ದು ಹೋಗಲಾರದೆ ಕಣ್ಣು ಮುಚ್ಚಿ, "ಸೆಫೊಗೆ ಶಾಂತಿ ಕೊಡಪ್ಪಾ ತಂದೇ, ಅವನ ತಾಯಿಗೆ..." ಎನ್ನುವಷ್ಟರಲ್ಲಿ ದನಿ ಒಡೆಯಿತು. ಉಳಿದುದನ್ನು ಲೂಪೆಯೇ ಮುಗಿಸಿದಳು.

ರಾತ್ರಿ ಹಲಗೆಗೋಡೆಯಾಚೆ ಅವಳು ಫೋನಿನಲ್ಲಿ ಪಿಸುಗುಡುವುದು ಕೇಳಿಸಿತು: "ಹೂಂ ಅಕ್ಕಾ, ಇಲ್ಲೇ ಇದಾನೆ. ಒಬ್ಬನೇ." ಸ್ವಲ್ಪ ಹೊತ್ತಿನಲ್ಲಿ ದೀಪವಿಲ್ಲದ ಬೈಕೊಂದು ಬಂದು ಕಿಟಕಿಯ ಕೆಳಗೆ ನಿಂತಿತು. ಯಾರೋ ಉಗುಳಿದರು. ಬೈಕು ಹೋಯಿತು. ಖಾಲಿ ಕೋಣೆಗಳ ಬಾಗಿಲುಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಪ್ರತಿ ಬಡಿತಕ್ಕೂ ಅವನು ಎದ್ದು ಕೂರುತ್ತಿದ್ದನು. ಕೊನೆಗೆ ಮೆಲ್ಲನೆ ಹಿಂಬಾಗಿಲು ತೆರೆದನು. ಬಂದರಿನ ದಾರಿ ನಿರ್ಜನವಾಗಿತ್ತು, ತಡೆಯುವವರೇ ಇರಲಿಲ್ಲ. ಆದರೆ ಮಗುವಾಗಿದ್ದ ಪೇನಿ ಈ ಸೋದರಮಾವನ ಹೆಗಲ ಮೇಲೆ ಕುಳಿತು ಅವನ ಕಿವಿಗಳನ್ನು ಲಗಾಮಿನಂತೆ ಹಿಡಿದೆಳೆಯುತ್ತಿದ್ದುದು ನೆನಪಾಯಿತು. ಚಾಪೆ ಎತ್ತಿಕೊಂಡು ಬಂದರಿಗೆ ಬೆನ್ನು ಮಾಡಿ ಕೇರಿಯತ್ತ ನಡೆದನು.

ಕತ್ತಲು ಹರಿಯುವ ಮುನ್ನ ಅಂಗಳದ ಕೆಸರಿನಲ್ಲಿ ಕುಳಿತು ಚಾಪೆ ಹೊದ್ದನು. ಒಳಗೆ ತನ್ನ ಉಸಿರೇ ತನಗೆ ಬಿಸಿ. ನಾಯಿ ಬೊಗಳಿತು. ಕಾಲುಗಳ ಸದ್ದು ಸುತ್ತುಗಟ್ಟಿತು.

"ಏ ಮುದುಕಾ, ಎದ್ದು ಹೋಗು! ಅಳಿಯ ಜೈಲಲ್ಲಿ ಅಡಗಿದ್ರೆ ನೀನು ಚಾಪೇಲಿ ಅಡಗ್ತೀಯಾ? ಚಾಪೆ ಸಮೇತ ಹೂತ್ಹಾಕ್ತೀವಿ!"

ಕಲ್ಲೊಂದು ಭುಜಕ್ಕೆ ಅಪ್ಪಳಿಸಿತು. ಇನ್ನೊಂದು ಕಿವಿಯ ಪಕ್ಕಕ್ಕೆ. ಬೆಚ್ಚನೆಯದೇನೋ ಕುತ್ತಿಗೆಗೆ ಇಳಿಯಿತು. ಅವನು ಅಲುಗಲಿಲ್ಲ. ಮಚ್ಚಿನ ತುದಿಯೊಂದು ಚಾಪೆಯ ಅಂಚನ್ನು ಮೀಟಿತು.

"ಕೆಳಗಿಡೋ ಅದನ್ನ!" ಲೂಪೆಯ ಗದರಿಕೆ. "ರಾತ್ರಿ ನನ್ನ ಮನೇಲಿ ಕೂತು ನಮ್ಮ ಸೆಫೊಗೋಸ್ಕರ ಬೇಡ್ಕೊಂಡಿದಾನೆ. ಆ ಹೆಸರು ಬಂದಾಗ ದನಿ ಒಡೀತು ಕಣ್ರೋ. ಕಳ್ಳ ದನಿ ಹಂಗೆ ಒಡಿಯಲ್ಲ. ಅಕ್ಕಾ, ನಾನು ನೋಡಿದ್ದು ಹೇಳ್ದೆ. ಎತ್ತೋದು ಬಿಡೋದು ನಿಂದು."

ಚಾಪೆಯ ಅಂಚಿನ ಕೆಳಗೆ ಕೆಸರು ಮೆತ್ತಿದ ಬರಿಗಾಲುಗಳೆರಡು ಬಂದು ನಿಂತವು, ಅವು ನಡುಗುತ್ತಿದ್ದವು. ಆಮೇಲೆ ಭಾರ ಇಳಿದು ಬೆಳಕು ಬಿದ್ದಿತು. ಸೆಫೊನ ತಾಯಿ ಚಾಪೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಮುಖದಲ್ಲಿ ನಗುವಿರಲಿಲ್ಲ, ಕಣ್ಣೀರೂ ಇರಲಿಲ್ಲ.

"ಭಾನುವಾರ ಚರ್ಚಲ್ಲಿ ನನ್ನ ಪಕ್ಕದ ಜಾಗ ಖಾಲಿ ಇರತ್ತೆ," ಎಂದಳು. "ನಿನ್ನ ಪೇನಿಗೆ ಹೇಳು. ಹೊರಗೆ ಬಂದ್ಮೇಲೆ ಅವನೇ ಬಂದು ಅಲ್ಲಿ ಕೂರ್ಬೇಕು. ಯಾರೂ ಮುಟ್ಟಲ್ಲ."

ಮಚ್ಚು ಹಿಡಿದಿದ್ದ ಹುಡುಗ ಅದನ್ನು ಕೆಸರಿಗೆ ಎಸೆದು, ಮುಖ ತಿರುಗಿಸಿಕೊಂಡು ಹೋದನು. ಲೂಪೆ ವೈಫಾಲೆಯ ರಟ್ಟೆ ಹಿಡಿದು ಎಬ್ಬಿಸಿ, ಕಿವಿಯ ರಕ್ತವನ್ನು ಉಡುಗೆಯ ಅಂಚಿನಿಂದ ಒತ್ತುತ್ತ ಪಿಸುಗುಟ್ಟಿದಳು: "ಮದುವೆ ಅಂತೆ ಮದುವೆ! ಯಜಮಾನನಾಗಿ ಸುಳ್ಳು ಹೇಳೋಕೂ ಬರಲ್ವಲ್ಲೋ ನಿಂಗೆ. ನಡಿ, ಕೋಕೋ ಕಾಯಿಸಿದೀನಿ."

ಈ ಕಥೆ ಕೇಳಿದವರೆಲ್ಲರ ತಲೆಯ ಭಾರವನ್ನು ಇಳಿಸುವ ಕೈಯೊಂದು ಸಕಾಲದಲ್ಲಿ ಒದಗಲಿ. ಇಳಿಸಬೇಕಾದ ಕೈ ನಿಮ್ಮದೇ ಆದಾಗ, ಅದು ನಡುಗಿದರೂ ಹಿಂಜರಿಯದಿರಲಿ. ಸರ್ವರಿಗೂ ಮಂಗಳವಾಗಲಿ.