ಮೇಸ್ತ್ರಿಯ ಅಂಗಳಕ್ಕೆ ಹಳೆಯ ಕಾಂಕ್ರೀಟು

ಮನೆ ಮುಂದಿನ ಚರಂಡಿಗೆ ಕಾಂಕ್ರೀಟಿನ ಚೂರುಗಳು ಬಿದ್ದು ನೀರು ಕಟ್ಟಿಕೊಂಡಿತ್ತು. ಬೀದಿಯವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಆ ರಾಶಿ ಮೇಸ್ತ್ರಿಯವರದೇ. ಪ್ರಾಯದಲ್ಲಿ ತಾವೇ ಹಾಕಿದ ಅಂಗಳವನ್ನು ನೀರಿನ ಕೊಳವೆಗಾಗಿ ಈಗ ಒಡೆಸಿದ್ದರು. ಒಡೆಯಲು ಬಂದ ಗಟ್ಟಿ ಆಳುಗಳೇ ಬೆವರಿಳಿಸಿದ್ದನ್ನು ಕಂಡು ಒಳಗೊಳಗೇ ಬೀಗಿದ್ದರು.

"ಹಳ್ಳಕ್ಕೆ ಸುರಿದು ಬಂದರಾಯ್ತು," ಎಂದರು.

ಸೊಸೆ ಕಾಂಕ್ರೀಟು ಪುಡಿಮಾಡುವ ಘಟಕದಲ್ಲಿ ಯಂತ್ರ ನಡೆಸುವವಳು. "ಬೇಡ ಮಾವ. ಪುಡಿ ಮಾಡಿಸಿ ತರ್ತೀನಿ. ಹೊಸ ಅಂಗಳಕ್ಕೆ ಅದೇ ಜಲ್ಲಿ ಹಾಕೋಣ."

"ಮುದುಕನಿಗೆ ಮದುವೆ ವೇಷ ಹಾಕಿದ್ರೆ ಹರೆಯ ಬರುತ್ತೇನಮ್ಮ?"

"ನಿಮ್ಮನ್ನ ನೋಡಿದ್ರೇ ಗೊತ್ತಾಗುತ್ತೆ ಬಿಡಿ!" ಒಳಗಿನಿಂದ ಹೆಂಡತಿ ಕುಟುಕಿದರು.

ಮೇಸ್ತ್ರಿ ನಗಲಿಲ್ಲ. "ಮೇಸ್ತ್ರಿ ಮನೆ ಅಂಗಳಾನೇ ಬಿರುಕು ಬಿಡ್ತು ಅಂದ್ರೆ, ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತೆ."

ಆದರೂ ಸೊಸೆಯ ಮಾತು ತೆಗೆದುಹಾಕಲಾಗದೆ ಒಪ್ಪಿದರು. ಕಬ್ಬಿಣ, ಮರ, ಪ್ಲಾಸ್ಟಿಕ್ ಆರಿಸಿ ತೆಗೆದು, ಪುಡಿಮಾಡಿ, ಧೂಳು ಜರಡಿ ಹಿಡಿದ ಜಲ್ಲಿ ಘಟಕದಿಂದ ಬಂತು. ಮೇಸ್ತ್ರಿ ಅದಕ್ಕೆ ಸಿಮೆಂಟು, ಮರಳು, ನೀರು ಸೇರಿಸಿ ಕೈ ಅಳತೆಯಲ್ಲೇ ಒಂದು ಬಾಣಲಿ ಕಲಸಿದರು. ಕರಣೆ ಆಡಿಸುವಷ್ಟರಲ್ಲೇ ಅದು ಬಿಗಿದುಕೊಂಡಿತು.

"ನೋಡಿದೆಯಾ?" ಎನ್ನುತ್ತ ನೀರಿನ ಪೈಪಿಗೆ ಕೈ ಹಾಕಿದರು.

"ಅಯ್ಯೋ, ಸುರೀಬೇಡಿ ಮಾವ! ಕಲಸಿದ ಮೇಲೆ ನೀರು ಹೆಚ್ಚಿಸಿದ್ರೆ ಬಲ ಹೋಗುತ್ತೆ. ಈ ಜಲ್ಲಿಗೆ ಹಳೇ ಸಿಮೆಂಟು ಅಂಟಿರುತ್ತೆ, ಅದು ನೀರು ಹೀರುತ್ತೆ. ಮೊದಲೇ ಹೊಟ್ಟೆ ತುಂಬ ಕುಡಿಸಿಬಿಡಿ."

ಜಲ್ಲಿಯನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು ಕಲಸಿದರು. ಈ ಸಲ ಮಿಶ್ರಣ ಮಾತು ಕೇಳುವ ಮಗುವಿನಂತೆ ಕರಣೆಯ ಹಿಂದೆ ಹರಿಯಿತು. ಹಾಕಿದ ಅಂಗಳಕ್ಕೆ ಒದ್ದೆ ಗೋಣಿ ಹೊದಿಸಿ, ಒಣಗಗೊಡದೆ ಕಾದರು.

ಅಂಗಳ ಬಲಿತ ಮೇಲೆ ಇಟ್ಟಿಗೆ ತುಂಬಿದ ಗಾಡಿ ಅದರ ಮೇಲೇ ಬಂದು ನಿಂತಿತು. ಮೇಸ್ತ್ರಿ ಮಂಡಿಯೂರಿ ಅಂಗೈಯಿಂದ ಸವರಿ ನೋಡಿದರು. ಕೂದಲೆಳೆಯಷ್ಟೂ ಬಿರುಕಿಲ್ಲ.

"ಭಲೇ! ಇಷ್ಟು ಭಾರಕ್ಕೂ ಬಿರುಕಿಲ್ಲ. ಎಲ್ಲಿಯ ಜಲ್ಲಿ ಹಾಕಿದ್ರಿ?" ಗಾಡಿಯವನು ಕೇಳಿದ.

"ನಂದೇ ಕಣಯ್ಯ! ನನ್ನ ಕೈ ಕೆಲಸ ಎರಡನೇ ಸಲ ದುಡೀತಾ ಇದೆ. ದಾರಿ ತೋರಿಸಿದ್ದು ನನ್ನ ಸೊಸೆ. ಇನ್ನು ಮೇಲೆ ಕಟ್ಟೋ ಮಹಡಿಗೂ ಇದೇ ಜಲ್ಲಿ!"

"ತಡೀರಿ ಮಾವ," ಸೊಸೆ ನಕ್ಕಳು. "ಕಂಬ, ತೊಲೆ, ಮಹಡಿಗೆ ಇಂಜಿನಿಯರ್ ಪರೀಕ್ಷೆ ಮಾಡಿಸಿ ಹೂಂ ಅಂದ್ಮೇಲೇನೇ."

"ಆಗಲಮ್ಮ, ಈ ಮೇಸ್ತ್ರಿಗೆ ನೀನೇ ಮೇಸ್ತ್ರಿ."

ಬಂಧುಗಳೇ, ಮನೆ ಒಡೆದಾಗ ಬಂದ ಕಾಂಕ್ರೀಟನ್ನು ಹಳ್ಳಕ್ಕೆ, ಚರಂಡಿಗೆ ಸುರಿಯಬೇಡಿ. ಬೇರೆ ತೆಗೆದಿಟ್ಟು ಪುಡಿಮಾಡುವ ಘಟಕಕ್ಕೆ ಕಳುಹಿಸಿ. ಅಂಗಳಕ್ಕೆ, ಕಾಲುದಾರಿಗೆ ಆ ಜಲ್ಲಿಯನ್ನೇ ಕೇಳಿ ಪಡೆಯಿರಿ, ನೆನೆಸಿ ಬಳಸಿರಿ. ಹೊಸ ಜಲ್ಲಿಗಾಗಿ ಒಡೆಯಬೇಕಿದ್ದ ಬೆಟ್ಟದ ಬಂಡೆ ಉಳಿಸಿದ ಪುಣ್ಯ ನಿಮ್ಮದಾಗಲಿ. ಆ ಅಂಗಳದಲ್ಲಿ ನಿಂತು, ಇದು ನಮ್ಮದೇ ಎಂದು ಎದೆಯುಬ್ಬಿಸಿ ಹೇಳಿ.